ಮಾವನವರ ಪಂಕ್ತಿಶಾಲೆ

ನಲವತ್ತು ವರ್ಷ ಅಡುಗೆ ಮಾಡಿಯೇ ಬದುಕಿದ ಮನುಷ್ಯನಿಗೆ ನಾಲ್ಕು ಜನರಿಗೆ ಸಾಂಬಾರು ಮಾಡಲು ಬರುವುದಿಲ್ಲ ಎಂದರೆ ನೀವು ನಂಬುತ್ತೀರಾ? ನಂಬದಿದ್ದರೆ ಡೊಂಬಿವಲಿಯ ನಮ್ಮ ಮನೆಗೆ ಬನ್ನಿ. ಬರುವಾಗ ಕೈಯಲ್ಲೊಂದು ಡಬ್ಬಿ ಇರಲಿ. ನನ್ನ ಗಂಡನ ಅಪ್ಪ, ಅಂದರೆ ನಮ್ಮ ಮಾವನವರು, ಕಲ್ಯಾಣದ ಉಡುಪಿ ಹೋಟೆಲೊಂದರ ಅಡುಗೆಮನೆಯಲ್ಲಿ ಸೌಟು ಹಿಡಿದು ನಿಂತವರು ಅದನ್ನು ಕೆಳಗಿಟ್ಟದ್ದು ಮೊಣಕಾಲು ಕೈಕೊಟ್ಟ ಮೇಲೆಯೇ. ಆ ಕೈಗೆ ಗೊತ್ತಿರುವ ಅತಿ ಸಣ್ಣ ಅಳತೆ ಐವತ್ತು ಜನ. ಒಂದು ಮುಷ್ಟಿ ಬೇಳೆ ಸಾಕು ಮಾವ ಎಂದು ನಾನು ಹೇಳುತ್ತೇನೆ. ಅವರೂ ಒಂದೇ ಮುಷ್ಟಿ ಹಾಕುತ್ತಾರೆ. ಆಮೇಲೆ ಪಾತ್ರೆಯೊಳಗೆ ಇಣುಕಿ, ಪಾಪ ಬೇಳೆ ಒಂಟಿಯಾಗಿ ಕಾಣುತ್ತದೆ ಎಂದು ಇನ್ನೊಂದು ಮುಷ್ಟಿ. ಬೇಳೆ ಹೆಚ್ಚಾಯಿತೆಂದು ನೀರು, ನೀರು ಹೆಚ್ಚಾಯಿತೆಂದು ತರಕಾರಿ, ತರಕಾರಿ ಹೆಚ್ಚಾಯಿತೆಂದು ಮತ್ತೆ ಬೇಳೆ! ಹನ್ನೊಂದು ಗಂಟೆಯ ಹೊತ್ತಿಗೆ ನಮ್ಮ ಕಟ್ಟಡದ ಹದಿನಾರು ಮನೆಗಳಿಗೂ ಸಾಂಬಾರು ಹೋಗಿರುತ್ತದೆ. ಸೊಸೈಟಿಯ ಸೆಕ್ರೆಟರಿ ನೀರಿನ ಟ್ಯಾಂಕು ತೊಳೆಯುವ ನೋಟಿಸು ಕೊಡಲು ಬಂದರೂ ಇನ್ನೊಂದು ಕೈಯಲ್ಲಿ ಪಾತ್ರೆ ಹಿಡಿದಿರುತ್ತಾರೆ.

ಇಂಥವರ ಕೈಗೆ ನನ್ನ ಒಬ್ಬಳೇ ಮಗಳ ವಿದ್ಯಾಭ್ಯಾಸ ಹೇಗೆ ಹೋಯಿತು ಎಂದು ಹೇಳುವ ಮೊದಲು ಸ್ವಲ್ಪ ಉಸಿರು ತೆಗೆದುಕೊಳ್ಳುತ್ತೇನೆ. ಈ ವರ್ಷ ನಾನು ಕುಳಿತು ಉಸಿರಾಡಿದ್ದೇ ಕಡಿಮೆ.

ಮಗಳ ಹೆಸರು ಇಳಾ. ಆರು ವರ್ಷ. ಮನೆಯಲ್ಲಿ ಅವಳ ಬಾಯಿಗೆ ಬೀಗವೇ ಇಲ್ಲ. ಕನ್ನಡದಲ್ಲಿ ಶುರುವಾಗಿ, ಮರಾಠಿಯಲ್ಲಿ ಹೊರಳಿ, ಹಿಂದಿಯಲ್ಲಿ ಕೊನೆಗಾಣುವ ಅವಳ ಒಂದು ವಾಕ್ಯ ಮುಗಿಯುವಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿರುತ್ತದೆ. ಆದರೆ ಹೊಸ್ತಿಲು ದಾಟಿದಳೋ, ಮುಗಿಯಿತು. ತುಟಿ ಹೊಲಿದಂತೆ. ಜೂನಿನಲ್ಲಿ ಒಂದನೇ ತರಗತಿಗೆ ಸೇರಿಸಿದೆವು, ಅರವತ್ತು ಮಕ್ಕಳ ಕ್ಲಾಸು. ದೀಪಾವಳಿಯವರೆಗೆ ಅಲ್ಲಿ ಅವಳು ಒಂದೇ ಒಂದು ಮಾತಾಡಲಿಲ್ಲ. ಟೀಚರು ಮೊದಲು ಕಿವಿ ಕೇಳಿಸುವುದಿಲ್ಲವೇನೋ ಎಂದುಕೊಂಡರು, ಆಮೇಲೆ ಹಟವೆಂದುಕೊಂಡರು. ಒಂದು ದಿನ ಬಾತ್‌ರೂಮಿಗೆ ಹೋಗಬೇಕೆಂದು ಕೇಳಲಾರದೆ, ಒದ್ದೆಯಾದ ಸ್ಕರ್ಟಿನಲ್ಲಿ ಶಾಲೆ ಬಿಡುವವರೆಗೂ ಕುಳಿತಿದ್ದಳು. ಎಲ್ಲದರ ಬಗ್ಗೆಯೂ ನಗೆಯಾಡುವ ನನಗೆ ಇದೊಂದರ ಬಗ್ಗೆ ಇವತ್ತಿಗೂ ನಗಲು ಆಗಿಲ್ಲ.

ಪ್ರಿನ್ಸಿಪಾಲರು ನಮ್ಮನ್ನು ಕರೆಸಿ ಮರ್ಯಾದೆಯಿಂದಲೇ ಹೇಳಿದರು. ಈ ವರ್ಷ ಮನೆಯಲ್ಲೇ ಓದಿಸಿ, ಜೂನಿನಲ್ಲಿ ಎರಡನೆಯ ತರಗತಿಗೆ ಕರೆದುಕೊಂಡು ಬನ್ನಿ, ಆಗ ಒಂದು ಚಿಕ್ಕ ಮಾತುಕತೆ ಇರುತ್ತದೆ, ತನ್ನ ಹೆಸರು ತಾನೇ ಹೇಳಿದರೆ ಸಾಕು, ಇಲ್ಲದಿದ್ದರೆ ಬೇರೆ ಶಾಲೆ ನೋಡಬೇಕಾದೀತು ಎಂದು. ನೋಡಿ, ಎರಡೇ ಅಕ್ಷರದ ಹೆಸರು. ಹೆಸರಿಡುವಾಗ ಕರೆಯಲು ಸುಲಭವಾಗಲಿ ಎಂದೇ ಇಟ್ಟದ್ದು. ಕಲ್ಯಾಣದ ಡಾಕ್ಟರು, ಇದು ಹಟವಲ್ಲ, ಹೆದರಿಕೆ, ಒತ್ತಾಯ ಮಾಡಬೇಡಿ, ಗದ್ದಲ ಬೇಡ, ಜನ ಕಡಿಮೆ ಇರಲಿ, ಮಾತು ತಾನಾಗಿ ಬರಬೇಕು ಎಂದರು. ಹೀಗೆ ದೀಪಾವಳಿಯ ಹಣತೆ ಎತ್ತಿಟ್ಟ ವಾರ ನಮ್ಮ ಮನೆಯಲ್ಲಿ ಶಾಲೆ ಶುರುವಾಯಿತು.

ನನ್ನ ತಯಾರಿಯೇನು ಕಡಿಮೆಯೇ? ಮನೆಯಲ್ಲೇ ಪಾಠ ಮಾಡುವ ತಾಯಂದಿರ ವಿಡಿಯೋಗಳನ್ನು ಒಂದು ವಾರ ನೋಡಿದೆ. ಅವರೆಲ್ಲರ ಮನೆಯಲ್ಲೂ ಬಿಳಿ ಪರದೆ, ಮರದ ಆಟಿಕೆ, ಕಿಟಕಿಯಿಂದ ಬೀಳುವ ಬಿಸಿಲು. ನಮ್ಮ ಮನೆಯ ಕಿಟಕಿಯಿಂದ ಬೀಳುವುದು ಮೇಲಿನ ಮನೆಯವರ ಒದ್ದೆ ಬಟ್ಟೆಯ ನೀರು. ಆದರೂ ಹಿಂಜರಿಯದೆ ಬಣ್ಣದ ವೇಳಾಪಟ್ಟಿ ಮಾಡಿ, ಲ್ಯಾಮಿನೇಶನ್ ಮಾಡಿಸಿ, ಫ್ರಿಜ್ಜಿಗೆ ಅಂಟಿಸಿದೆ. ಒಂಬತ್ತು ಗಂಟೆಗೆ ಎಲ್ಲರೂ ವೃತ್ತಾಕಾರವಾಗಿ ಕುಳಿತು ಮಾತಾಡುವುದು ಎಂದಿತ್ತು ಅದರಲ್ಲಿ. ನಾನೂ ಇಳಾಳೂ ಎಷ್ಟು ಸರಿದು ಸರಿದು ಕುಳಿತರೂ ಅದು ವೃತ್ತವಾಗಲಿಲ್ಲ, ಗೆರೆಯಾಗಿಯೇ ಉಳಿಯಿತು. ಮೊದಲ ದಿನ ಒಂಬತ್ತೂ ಮುಕ್ಕಾಲಿಗೆ ಇಡೀ ದಿನದ ಪಾಠ ಮುಗಿಯಿತು. ಹತ್ತಕ್ಕೆ ಅವಳು, ರಜೆ ಯಾವಾಗ ಎಂದು ಕೇಳಿದಳು. ನಿಜ ಹೇಳಬೇಕೆಂದರೆ ನಾನೂ ಅದನ್ನೇ ಯೋಚಿಸುತ್ತಿದ್ದೆ.

ನನ್ನ ನೌಕರಿ ರಬಾಳೆಯ ಒಂದು ಕಾರ್ಖಾನೆಯ ಆಫೀಸಿನಲ್ಲಿ. ಮೂರು ದಿನ ಮನೆಯಿಂದ ಕೆಲಸ, ಎರಡು ದಿನ ಠಾಣೆಯಲ್ಲಿ ಗಾಡಿ ಬದಲಿಸಿ ಹೋಗಿ ಬರುವುದು. ಇದನ್ನು ಮ್ಯಾನೇಜರಿಂದ ಗಿಟ್ಟಿಸಿಕೊಳ್ಳಲು ನಾನು ಪಟ್ಟ ಪಾಡು ಬೇರೆಯೇ ಕತೆ. ಒಂದು ದಿನ ಮೀಟಿಂಗಿನಲ್ಲಿ ಗೋಡೌನಿನ ಸೂಪರ್‌ವೈಸರು ತಿಂಗಳ ವರದಿ ಓದಿ ಮುಗಿಸಿದರು. ನಾನು ಇಳಾಳ ಪುಸ್ತಕ ನೋಡುತ್ತ, ಮೈಕು ತೆರೆದಿದೆ ಎಂಬುದನ್ನು ಮರೆತು, ವೆರಿ ಗುಡ್, ಸ್ಟಾರ್ ಬೇಕಾ, ಸ್ಮೈಲಿ ಬೇಕಾ ಎಂದು ಹಿಂದಿಯಲ್ಲಿ ಕೇಳಿಬಿಟ್ಟೆ. ಐವತ್ತೈದು ವರ್ಷದ ಆ ಸೂಪರ್‌ವೈಸರು ಸ್ವಲ್ಪ ಯೋಚಿಸಿ, ‘ಸ್ಟಾರ್ ಚಾಲೇಲ್ ಮ್ಯಾಡಮ್’ ಎಂದರು. ಸ್ಟಾರೇ ಇರಲಿ ಎಂದು! ಪಾಪ, ಅವರ ಜೀವಮಾನದಲ್ಲಿ ಆ ಕಂಪನಿ ಅವರಿಗೆ ಕೊಟ್ಟದ್ದು ಅದೊಂದೇ ಇರಬೇಕು.

ಗಂಡನ ಸಹಾಯವಿಲ್ಲವೇ ಎಂದು ನೀವು ಕೇಳಬಹುದು. ಇದೆ, ಫೋನಿನಲ್ಲಿ ಇದೆ. ಬದಲಾಪುರದಿಂದ ತುಂಬಿಕೊಂಡು ಬರುವ ಲೋಕಲಿನಲ್ಲಿ ಒಂದೇ ಕಾಲೂರಿ ನಿಂತು ಅವರು ನನಗೆ ತಾಳ್ಮೆಯ ಬಗ್ಗೆ ಉಪದೇಶ ಮಾಡುತ್ತಾರೆ. ಉಪದೇಶ ಅರ್ಧವಾಗುವಾಗ ಹಿಡಿಕೆ ಹಿಡಿಯಲು ಕೈ ಬೇಕಾಗಿ ಫೋನು ಇಟ್ಟುಬಿಡುತ್ತಾರೆ. ಹೀಗಾಗಿ ತಾಳ್ಮೆಯ ಉತ್ತರಾರ್ಧ ನನಗೆ ಇನ್ನೂ ಗೊತ್ತಿಲ್ಲ.

ಮೂರನೆಯ ವಾರಕ್ಕೆ ನನ್ನ ಕಣ್ಣ ಕೆಳಗೆ ಕಾಡಿಗೆ ಹಚ್ಚಬೇಕಾಗಿಯೇ ಇರಲಿಲ್ಲ, ಅದು ತಾನಾಗಿಯೇ ಕಪ್ಪಾಗಿತ್ತು. ರಬಾಳೆಗೆ ಹೋಗುವ ಎರಡು ದಿನ ಮಗುವನ್ನು ನೋಡಿಕೊಳ್ಳಿ ಮಾವ, ಕಲಿಸುವುದು ಬೇಡ, ನೋಡಿಕೊಂಡರೆ ಸಾಕು ಎಂದೆ. ಅವರು ತಲೆಯಾಡಿಸಿದರು. ಹೋಟೆಲಿನ ಅಡುಗೆಯವರು ಹಾಗೆ ತಲೆಯಾಡಿಸಿದರೆ ಕೇಳಿಸಿತು ಎಂದು ಅರ್ಥ, ಒಪ್ಪಿದೆ ಎಂದಲ್ಲ. ಅದು ನನಗೆ ತಡವಾಗಿ ತಿಳಿಯಿತು.

ಮೊದಲು ಕೆಟ್ಟದ್ದು ಗಣಿತ. ಒಂದು ಸಂಜೆ ರಬಾಳೆಯಿಂದ ಬಂದು, ಚಪ್ಪಲಿ ಬಿಡುತ್ತ, ಒಂದು ಮತ್ತು ಒಂದು ಎಷ್ಟು ಇಳಾ ಎಂದು ಸುಮ್ಮನೆ ಕೇಳಿದೆ. ನಾಲ್ಕು ಎಂದಳು. ಹಿಂದಿನ ವಾರವಷ್ಟೇ ಎರಡು ಎಂದಿದ್ದ ಮಗು! ನನ್ನ ಮುಖ ನೋಡಿ ಅವಳಿಗೇ ಕನಿಕರ ಬಂದಿರಬೇಕು, ಬಿಡಿಸಿ ಹೇಳಿದಳು.

“ಇಡ್ಲಿ ಆದ್ರೆ ನಾಲ್ಕು. ಮೇದುವಡೆ ಆದ್ರೂ ನಾಲ್ಕು. ದೋಸೆ ಆದ್ರೆ ಎರಡು. ಪೂರಿ ಆದ್ರೆ ಅಜ್ಜನಿಗೆ ಕೇಳ್ಬೇಕು.”

ಒಂದು ಪ್ಲೇಟಿಗೆ ಎರಡು ಇಡ್ಲಿಯಾದ ಮೇಲೆ ಎರಡು ಪ್ಲೇಟಿಗೆ ನಾಲ್ಕಲ್ಲದೆ ಇನ್ನೆಷ್ಟು? ನಾನು ಮಾವನವರ ಕಡೆ ನೋಡಿದೆ. ಅವರು ಕೊತ್ತಂಬರಿ ಸೊಪ್ಪು ಬಿಡಿಸುತ್ತ, ಏನು ಬೇಕು ಎಂದು ಹೇಳದೆ ಬರೀ ಒಂದು ಒಂದು ಎಂದರೆ ಯಾವ ಹೋಟೆಲಿನಲ್ಲೂ ಕೊಡುವುದಿಲ್ಲ ಎಂದು ನನಗೇ ಬುದ್ಧಿ ಹೇಳಿದರು.

ಆಮೇಲೆ ಇಂಗ್ಲಿಷು ಕೆಟ್ಟಿತು. ಅವರು ದೋಸೆಯ ಹಿಟ್ಟಿನಲ್ಲಿ ಕಾವಲಿಯ ಮೇಲೆ ಅಕ್ಷರ ಬರೆದು ಕಲಿಸತೊಡಗಿದರು. ಎಂಥ ಒಳ್ಳೆಯ ಉಪಾಯವೆಂದು ಮೊದಲು ನನಗೂ ಅನಿಸಿತು. ಬಿಸಿಬಿಸಿ ಅಕ್ಷರ, ಮೇಲೆ ತುಪ್ಪ, ತಿಂದರೆ ಹೊಟ್ಟೆಗೂ ವಿದ್ಯೆ. ಆದರೆ ದೋಸೆ ಎಂದ ಮೇಲೆ ಮಗುಚಿ ಹಾಕಬೇಕಲ್ಲ! ಇಂಗ್ಲಿಷಿನ ಸಣ್ಣ ‘ಬಿ’ ಮಗುಚಿದರೆ ‘ಡಿ’, ‘ಡಿ’ ಮಗುಚಿದರೆ ‘ಬಿ’. ಒಂದು ಬದಿ ಬೆಂದಾಗ ಒಂದು ಅಕ್ಷರ, ಎರಡೂ ಬದಿ ಬೆಂದಾಗ ಇನ್ನೊಂದು. ಇಳಾ ಎರಡು ವಾರ ಎಲ್ಲ ಅಕ್ಷರಗಳನ್ನೂ ಹಿಂದುಮುಂದಾಗಿ ಬರೆದಳು. ಅವಳ ಪುಸ್ತಕವನ್ನು ನಾನು ಬಚ್ಚಲುಮನೆಯ ಕನ್ನಡಿಗೆ ಹಿಡಿದು ತಿದ್ದಿದೆ.

ಇಷ್ಟೆಲ್ಲ ಆದರೂ ನಾನು ಸುಮ್ಮನಿದ್ದೆ. ಯಾಕೆಂದರೆ ಜಗಳವಾಡಲೂ ಶಕ್ತಿ ಬೇಕು. ಅಲ್ಲದೆ ನಾನು ಮನೆ ಸೇರುವಾಗ ಮಗು ನಗುತ್ತಿರುತ್ತಿದ್ದಳು, ಊಟ ಮಾಡಿರುತ್ತಿದ್ದಳು. ಜನ ಕಡಿಮೆ, ಗದ್ದಲವಿಲ್ಲ, ಡಾಕ್ಟರು ಹೇಳಿದಂತೆಯೇ ನಡೆಯುತ್ತಿದೆ ಎಂದು ನನ್ನ ಭಾವನೆ.

ಫೆಬ್ರವರಿಯ ಒಂದು ಮಧ್ಯಾಹ್ನ ಆಫೀಸಿನಲ್ಲಿ ಕರೆಂಟು ಹೋಗಿ ನಮ್ಮನ್ನು ಬೇಗ ಬಿಟ್ಟರು. ನಾಲ್ಕೂವರೆಗೆ ಮನೆ ಮುಟ್ಟಿದರೆ ಬಾಗಿಲ ಹೊರಗೆ ಚಪ್ಪಲಿಗಳ ಜಾತ್ರೆ. ಸಣ್ಣ ಸಣ್ಣ ಚಪ್ಪಲಿಗಳು. ಒಳಗೆ ಇಣುಕಿದೆ. ಹಾಲಿನಲ್ಲಿ ಗೋಡೆಯುದ್ದಕ್ಕೂ ಹನ್ನೊಂದು ಮಕ್ಕಳು ಚಕ್ಕಳಮಕ್ಕಳ ಹಾಕಿ ಸಾಲಾಗಿ ಕುಳಿತಿದ್ದಾರೆ! ಎಲ್ಲರ ಮುಂದೆಯೂ ಹಳೆಯ ಪೇಪರನ್ನು ಬಾಳೆಲೆಯಂತೆ ಕತ್ತರಿಸಿ, ತುದಿ ಎಡಕ್ಕೆ ಬರುವಂತೆ ಹಾಕಿದೆ. ಉಪ್ಪು ಬಡಿಸುವಲ್ಲಿ ಪೆನ್ಸಿಲು, ಉಪ್ಪಿನಕಾಯಿ ಬಡಿಸುವಲ್ಲಿ ರಬ್ಬರು. ಮಾವನವರು ಪಂಚೆ ಎತ್ತಿ ಕಟ್ಟಿ, ಹೆಗಲಿಗೆ ಬೈರಾಸು ಹಾಕಿ, ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಸೌಟು ಹಿಡಿದು ಸಾಲಿನ ಮುಂದೆ ಓಡಾಡುತ್ತಿದ್ದಾರೆ. ಬಕೆಟ್ಟಿನಲ್ಲಿ ಕಾಬೂಲಿ ಕಡಲೆ. ಎಲೆಗೊಂದು ಸೌಟು ಕಡಲೆ ಬಡಿಸುವುದು, ಮಕ್ಕಳು ಎಣಿಸಿ ಕೂಡಿಸುವುದು. ಸಾಕು ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿದವನಿಗೆ ಅರ್ಧ ಸೌಟು ಹೆಚ್ಚು.

ಅಲ್ಲೇ ಬಾಗಿಲಲ್ಲಿ ನಿಂತು ನಾನು ಆ ಶಾಲೆಯ ಕ್ರಮವನ್ನೆಲ್ಲ ನೋಡಿದೆ. ಪಲ್ಯ ಎಂದರೆ ಓದು, ಅನ್ನ ಎಂದರೆ ಬರಹ, ಪಾಯಸ ಎಂದರೆ ಕತೆ. ನಮ್ಮ ಕಡೆಯ ಪಂಕ್ತಿಯಲ್ಲಿ ಕೊನೆಯವರ ಊಟ ಮುಗಿಯುವವರೆಗೆ ಯಾರೂ ಎಲೆ ಬಿಟ್ಟು ಏಳುವಂತಿಲ್ಲವಲ್ಲ, ಇಲ್ಲಿಯೂ ಹಾಗೆಯೇ. ಎಲ್ಲರಿಗಿಂತ ನಿಧಾನ ಸೆಕ್ರೆಟರಿಯ ಮೊಮ್ಮಗ. ಅವನ ಒಂದು ಲೆಕ್ಕ ಮುಗಿಯಲೆಂದು ಉಳಿದ ಹತ್ತು ಮಕ್ಕಳೂ ಬಾಗಿ ಬಾಗಿ ಅವನ ಎಲೆ ನೋಡುತ್ತಿದ್ದರು. ಪಂಕ್ತಿಯ ನಡುವೆ ಯಾರಾದರೊಬ್ಬರು ಶ್ಲೋಕ ಹೇಳಿ ಉಳಿದವರು ಗೋವಿಂದಾ ಎನ್ನುವ ಪದ್ಧತಿಯನ್ನೂ ಅವರು ಬಿಟ್ಟಿರಲಿಲ್ಲ. ಒಬ್ಬ ಮರಾಠಿ ಪದ್ಯ ಹೇಳಿದ, ಎಲ್ಲರೂ ಗೋವಿಂದಾ ಎಂದರು. ಒಬ್ಬಳು ಎರಡರ ಮಗ್ಗಿ ಹೇಳಿದಳು, ಗೋವಿಂದಾ. ಮುಂದಿನ ಎಲೆ ನಮ್ಮ ಇಳಾಳದು. ಅವಳು ಏನೂ ಹೇಳಲಿಲ್ಲ. ಹನ್ನೊಂದು ಮಕ್ಕಳಲ್ಲಿ ಹತ್ತು ಮಕ್ಕಳು ಆ ಏನೂ ಇಲ್ಲದ್ದಕ್ಕೂ ಅಷ್ಟೇ ಜೋರಾಗಿ ಗೋವಿಂದಾ ಎಂದರು!

ಈಗ ನೆನೆಸಿಕೊಂಡರೆ ನಗು ಬರುತ್ತದೆ. ಆಗ ಬರಲಿಲ್ಲ. ಸಾಲಿನ ನಡುವೆ ತುಟಿ ಬಿಗಿದುಕೊಂಡು ಕುಳಿತಿದ್ದ ಅವಳ ಮುಖ ಶಾಲೆಯ ಮುಖವಾಗಿತ್ತು. ಯಾವ ಗದ್ದಲದಿಂದ ತಪ್ಪಿಸಲೆಂದು ನಾನು ನೌಕರಿ, ನಿದ್ದೆ, ಮಾನ ಎಲ್ಲ ಒತ್ತೆಯಿಟ್ಟು ಅವಳನ್ನು ಮನೆಗೆ ತಂದಿದ್ದೆನೋ, ಆ ಗದ್ದಲ ನಮ್ಮ ಹಾಲಿಗೇ ಬಂದು ಕುಳಿತಿದೆ! ಮಕ್ಕಳನ್ನೆಲ್ಲ ಎಬ್ಬಿಸಿ ಮನೆಗೆ ಕಳಿಸಿದೆ. ಅವರು ಹೋದ ಮೇಲೆ ಮಾವನವರ ಎದುರು ಎಂದೂ ಎತ್ತದ ದನಿ ಎತ್ತಿದೆ.

“ಇದು ನಿಮ್ಮ ಹೋಟೆಲ್ ಅಲ್ಲ ಮಾವ. ಒಂದು ಮಗುವನ್ನು, ಒಂದೇ ಒಂದು ಮಗುವನ್ನು ನೋಡಿಕೊಳ್ಳಲಿಕ್ಕೆ ಆಗುವುದಿಲ್ವಾ ನಿಮಗೆ?”

ಅವರು ಬಕೆಟ್ಟನ್ನು ನೆಲದ ಮೇಲಿಟ್ಟರು.

“ಎಲೆಯಿಂದ ಎಬ್ಬಿಸಬಾರದಿತ್ತು ಮಗಾ. ಸಣ್ಣ ಮಕ್ಕಳು” ಎಂದಷ್ಟೇ ಹೇಳಿದರು. ಆಮೇಲೆ ಮೊಣಕಾಲು ಹಿಡಿದು ಬಗ್ಗಿ, ಒಂದೊಂದೇ ಪೇಪರು ಮಡಚತೊಡಗಿದರು. ಇಳಾ ನನ್ನ ಕಡೆ ನೋಡದೆ ಅವರ ಜೊತೆ ಕಡಲೆ ಹೆಕ್ಕಿದಳು.

ಮರುದಿನ ಬೆಳಿಗ್ಗೆ ಗಂಡ ಶೂ ಹಾಕಿಕೊಳ್ಳುತ್ತ, ಅಪ್ಪನಿಗೆ ಒಂದು ಮಗುವಿನ ಜೊತೆ ಹೇಗೆ ಕೂರಬೇಕೆಂದು ಗೊತ್ತಿಲ್ಲ ಎಂದರು. ಮಾವನವರು ನಲವತ್ತು ವರ್ಷವೂ ಹೋಟೆಲಿನ ಮೇಲಿನ ಕೋಣೆಯಲ್ಲಿ ಹದಿನೆಂಟು ಜನರ ಜೊತೆ ಚಾಪೆ ಹಾಸಿ ಮಲಗಿದವರು. ಹೆಂಡತಿ ಮಗ ಊರಿನಲ್ಲಿ. ಮೇ ತಿಂಗಳಲ್ಲಿ ಹದಿನೈದು ದಿನ ರಜೆ ಸಿಕ್ಕಿದಾಗ ಬರುತ್ತಿದ್ದರು, ಬಂದರೆ ನೆಂಟರ ಮನೆಯ ಮದುವೆ ಮುಂಜಿಯಲ್ಲಿ ಬಡಿಸಲು ಹೋಗುತ್ತಿದ್ದರು. ಅಂಥಲ್ಲಿ ಪಂಕ್ತಿಯ ಕೊನೆಗೆ ಕುಳಿತ ತನಗೆ ಅಪ್ಪ ಒಂದು ಹೋಳಿಗೆ ಹೆಚ್ಚು ಹಾಕಿ ಮುಂದೆ ಹೋಗುತ್ತಿದ್ದರು, ಅಪ್ಪ ಎಂದರೆ ತನಗೆ ಅಷ್ಟೇ ನೆನಪು ಎಂದರು. ಇದನ್ನು ಅವರು ಮದುವೆಯಾದ ಒಂಬತ್ತು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಹೇಳಿ, ಗಾಡಿಗೆ ಹೊತ್ತಾಯಿತೆಂದು ಓಡಿದರು.

ನನಗೆ ನಾಚಿಕೆಯಾಯಿತು. ಆದರೆ ನಾಚಿಕೆಯಾದ ಕೂಡಲೇ ಕ್ಷಮೆ ಕೇಳುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ಸುತ್ತು ಬಳಸಿ, ಪಂಕ್ತಿಯಲ್ಲಿ ಇಳಾ ಬಾಯಿ ಬಿಡದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಮಾವನವರನ್ನು ಕೇಳಿದೆ.

“ಬಡಿಸುವವ ಎಲೆ ನೋಡ್ಬೇಕು, ಬಾಯಿ ನೋಡ್ಬಾರ್ದು” ಎಂದರು. “ಎಲೆಯಲ್ಲಿ ಏನು ಖಾಲಿ ಆಗಿದೆ ನೋಡಿದ್ರೆ ಗೊತ್ತಾಗ್ತದೆ. ಕೇಳಿ ಕೇಳಿ ಬಡಿಸಿದ್ರೆ ನಾಚಿಕೆಯವರು ಹಸಿದೇ ಏಳ್ತಾರೆ.”

ಆಮೇಲೆ ಮನೆಯಲ್ಲಿ ಶುರುವಾಯಿತು ನೋಡಿ, ನಾನು ಬೇಡಿಕೊಂಡಿದ್ದ ಶಾಂತಿ. ರೈಸ್ ಕುಕ್ಕರಿನ ಜೊತೆ ಬಂದಿದ್ದ ಪ್ಲಾಸ್ಟಿಕ್ ಲೋಟವೊಂದನ್ನು ಮಾವನವರು ಎಲ್ಲಿಂದಲೋ ಹುಡುಕಿ ತೆಗೆದರು. ಅದರಲ್ಲಿ ಬೇಳೆ ಅಳೆದರು, ಅಳೆದದ್ದನ್ನು ಬೆರಳಿನಿಂದ ಮಟ್ಟ ಮಾಡಿದರು. ನಾಲ್ಕು ಜನರಿಗೆ ಸರಿಯಾಗಿ ನಾಲ್ಕು ಜನರ ಸಾಂಬಾರು! ಒಂಬತ್ತು ವರ್ಷ ನಾನು ಗೋಗರೆದು ಆಗದಿದ್ದ ಕೆಲಸ. ಅದರಲ್ಲಿ ಉಪ್ಪಿತ್ತು, ಹುಳಿಯಿತ್ತು, ರುಚಿಯಿರಲಿಲ್ಲ. ಸೆಕ್ರೆಟರಿ ಎರಡು ದಿನ ಖಾಲಿ ಪಾತ್ರೆ ಹಿಡಿದು ಬಂದು ಹಿಂದೆ ಹೋದರು. ಮೆಟ್ಟಿಲ ಮೇಲೆ ಸಿಕ್ಕ ಹೆಂಗಸರು ಕಾಕಾ ಅವರಿಗೆ ಹುಷಾರಿಲ್ಲವೇ ಎಂದು ವಿಚಾರಿಸಿದರು. ಮೂರನೆಯ ಮಾಳಿಗೆಯಲ್ಲಿರುವ ಸಾಹಿಲನ ತಾಯಿ ಮಾತ್ರ ನನ್ನನ್ನು ನಿಲ್ಲಿಸಿ, ಪಂಗತ್, ಅಂದರೆ ಮಕ್ಕಳ ಪಂಕ್ತಿ, ಯಾಕೆ ನಿಂತಿತು ಎಂದು ನೇರವಾಗಿ ಕೇಳಿದಳು. ಇಳಾಗೆ ಗದ್ದಲ ಆಗುವುದಿಲ್ಲ ಎಂದೆ. ಅವಳಿಗೆ ಆಶ್ಚರ್ಯವಾಯಿತು. ಎಲ್ಲರೂ ಗೋವಿಂದಾ ಎನ್ನುವಾಗ ಇಳಾಳ ತುಟಿಯೂ ಅಲುಗುತ್ತದೆಂದು ಸಾಹಿಲ್ ಹೇಳಿದ್ದನಂತೆ. ದನಿ ಬಂತೋ ಇಲ್ಲವೋ, ಅಷ್ಟು ಮಕ್ಕಳ ಕೂಗಿನಲ್ಲಿ ಯಾರಿಗೆ ಗೊತ್ತು ಎಂದಳು. ನಾನು ಮೆಟ್ಟಿಲು ಹತ್ತುವುದನ್ನು ಮರೆತು ಅಲ್ಲೇ ನಿಂತೆ. ನನಗೆ ಗೊತ್ತಿಲ್ಲದ್ದು ಹತ್ತು ವರ್ಷದ ಹುಡುಗನಿಗೆ ಗೊತ್ತಿತ್ತು.

ಅವತ್ತೇ ಮಾವನವರ ಹತ್ತಿರ ಮಾತಾಡಬೇಕಿತ್ತು. ಆಡಲಿಲ್ಲ. ನಾಳೆ ಎಂದುಕೊಂಡೆ. ದಣಿದವರಿಗೆ ಎಲ್ಲ ಒಳ್ಳೆಯ ಕೆಲಸವೂ ನಾಳೆಯೇ.

ಆ ನಾಳೆ ನಾನು ರಬಾಳೆಗೆ ಹೋಗುವ ದಿನವಾಗಿತ್ತು. ತಲೆನೋವೆಂದು ಹೇಳಿ ಬೇಗ ಹೊರಟೆ. ಅದು ಸುಳ್ಳೇನಲ್ಲ, ನನ್ನ ತಲೆ ದೀಪಾವಳಿಯಿಂದ ನೋಯುತ್ತಲೇ ಇದೆ. ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ ನಿಂತು, ಇವತ್ತು ಹೋಗಿ ಏನು ಹೇಳಲಿ ಎಂದು ವಾಕ್ಯ ಜೋಡಿಸಿದೆ. ಡೊಂಬಿವಲಿಯಲ್ಲಿ ಇಳಿಯುವ ನೂಕುನುಗ್ಗಲಿನಲ್ಲಿ ಆ ವಾಕ್ಯ ಯಾರ ಕಾಲಿಗೋ ಸಿಕ್ಕಿ ಹೋಯಿತು. ಕಟ್ಟಡದ ಮೊದಲನೆಯ ಮಾಳಿಗೆಗೆ ಬರುವಾಗ ಮೇಲಿನಿಂದ ಒಂದು ಮಗುವಿನ ದನಿ ಕೇಳಿತು. ಸ್ವಲ್ಪ ಒರಟು, ಸ್ವಲ್ಪ ಅವಸರ, ಮೆಟ್ಟಿಲುಗಳೆಲ್ಲ ಗುಂಯ್ ಎನ್ನುವಷ್ಟು ಜೋರು. ಯಾರ ಮಗುವೋ, ಎಷ್ಟು ಗಟ್ಟಿ ಬಾಯಿ, ಆ ತಾಯಿಯಾದರೂ ಪುಣ್ಯವಂತೆ ಎಂದುಕೊಂಡೆ. ಹೌದು, ಹಾಗೆಯೇ ಅಂದುಕೊಂಡೆ. ಆಮೇಲೆ ಒಂದು ಬೆಲ್ಲಿನ ಸದ್ದು, ಬಾಗಿಲು ತೆರೆದ ಸದ್ದು.

“ಕಾಕೂ, ಪಾನಂ ವಾಢಲೀ ಆಹೇತ. ಸಾಹಿಲ್‌ಲಾ ಪಾಠವಾ.”

ಚಿಕ್ಕಮ್ಮಾ, ಎಲೆ ಹಾಕಿಯಾಗಿದೆ, ಸಾಹಿಲನನ್ನು ಕಳಿಸಿ. ಈ ಕಟ್ಟಡದಲ್ಲಿ ನಾಲ್ಕೂವರೆ ಗಂಟೆಗೆ ಎಲೆ ಹಾಕುವ ಮನೆ ಬೇರೆ ಯಾವುದಿದೆ? ಅದು ನನ್ನ ಮಗಳ ದನಿ. ಹೆತ್ತ ತಾಯಿ ನಾನು, ನನಗೆ ಗುರುತು ಸಿಗಲಿಲ್ಲ. ಎಲ್ಲಿಂದ ಸಿಗಬೇಕು? ಆರು ವರ್ಷದಲ್ಲಿ ಆ ದನಿಯನ್ನು ನಮ್ಮ ಮನೆಯ ಬಾಗಿಲಿನ ಹೊರಗೆ ನಾನು ಒಮ್ಮೆಯೂ ಕೇಳಿರಲಿಲ್ಲ.

ಚಪ್ಪಲಿ ಕೈಯಲ್ಲಿ ಹಿಡಿದು ಮೇಲೆ ಹತ್ತಿದೆ. ನಮ್ಮ ಮಾಳಿಗೆ ದಾಟಿದ ತಿರುವಿನಲ್ಲಿ, ನೋಯುವ ಕಾಲನ್ನು ಉದ್ದಕ್ಕೆ ಚಾಚಿ, ಮಾವನವರು ಗೋಡೆಗೆ ಒರಗಿ ಕುಳಿತಿದ್ದರು. ಬೈರಾಸಿನ ತುದಿ ಬಾಯಿಗೆ ಒತ್ತಿಕೊಂಡಿದ್ದರು. ಕಣ್ಣು ಪೂರ್ತಿ ಒದ್ದೆ. ಮೇಲೆ ಓಡಲು ಹೊರಟ ನನ್ನನ್ನು ಅವರು ಕೈ ಹಿಡಿದು ತಡೆದರು. ಪಿಸುದನಿಯಲ್ಲಿ ಅವರು ಹೇಳಿದ್ದಿಷ್ಟು. ಮಕ್ಕಳು ಯಾಕೆ ಬರುತ್ತಿಲ್ಲ ಎಂದು ಮಧ್ಯಾಹ್ನ ಅವಳು ಕೇಳಿದಳಂತೆ. ಒಮ್ಮೆ ಎಲೆಯಿಂದ ಎದ್ದು ಹೋದವರು ತಾವಾಗಿ ಬರುವುದಿಲ್ಲ, ಮನೆಯವರು ಯಾರಾದರೂ ಹೋಗಿ ಕರೆಯಬೇಕು ಎಂದು ಇವರು ಹೇಳಿದರಂತೆ. ಅವಳು ಎದ್ದು ಚಪ್ಪಲಿ ಹಾಕಿಕೊಂಡಳಂತೆ. ತಾವು ಹೋಗು ಎನ್ನಲಿಲ್ಲ ಎಂದು ಅವರು ಎರಡು ಸಲ ಹೇಳಿದರು, ನಾನು ಮತ್ತೆ ಬಯ್ಯುತ್ತೇನೆಂದು ಹೆದರಿದವರಂತೆ.

ಮೇಲೆ ಇನ್ನೊಂದು ಬೆಲ್ಲು. ಸೆಕ್ರೆಟರಿಯ ಮುದಿ ತಾಯಿ ಬಾಗಿಲು ತೆರೆದಿರಬೇಕು. ನಮ್ಮ ಮನೆಯ ಸಾಂಬಾರನ್ನು ದಿನವೂ ಉಣ್ಣುವ ಆ ಅಜ್ಜಿಗೆ ನಮ್ಮ ಮಗುವಿನ ಗುರುತಿಲ್ಲ.

“ತೂ ಕೋಣ್ ಗ ಬಾಳಾ?” ಎಂದು ಅವರು ಕೇಳಿದರು. ನೀನು ಯಾರಮ್ಮ ಎಂದು.

ಮಾವನವರ ಬೆರಳುಗಳು ನನ್ನ ಮಣಿಕಟ್ಟನ್ನು ಬಿಗಿಯಾಗಿ ಒತ್ತಿದವು. ಮೇಲೆ ಎಷ್ಟೋ ಹೊತ್ತು ಸದ್ದೇ ಇಲ್ಲ. ಕೆಳಗೆ ಬೀದಿಯಲ್ಲಿ ರಿಕ್ಷಾ ಒಂದು ಹಾರ್ನು ಹೊಡೆದು ಹೋಯಿತು.

“ಇಳಾ.”

ನನಗೆ ಅಳು ತಡೆಯಲಾಗಲಿಲ್ಲ. ತಪ್ಪಾಯಿತು ಮಾವ ಎಂದೆ. ಠಾಣೆಯಲ್ಲಿ ಜೋಡಿಸಿದ ಉದ್ದನೆಯ ವಾಕ್ಯದಲ್ಲಿ ಉಳಿದದ್ದು ಅಷ್ಟೇ. ಅವರಿಗೆ ಅದು ಕೇಳಿಸಿತೋ ಇಲ್ಲವೋ, ಅವರ ಕಿವಿಯೆಲ್ಲ ಮೇಲೆಯೇ ಇತ್ತು. ಪುಟ್ಟ ಚಪ್ಪಲಿಗಳು ನಾಲ್ಕನೆಯ ಮಾಳಿಗೆಯ ಮೆಟ್ಟಿಲು ಹತ್ತುವ ಸದ್ದು ಕೇಳಿತು. ಅವರು ಗೋಡೆಯ ಕಡೆ ಸರಿದು ನನಗೆ ಜಾಗ ಮಾಡಿದರು.

“ಕೂತ್ಕೋ ಮಗಾ” ಎಂದರು. “ಇನ್ನೂ ಎರಡು ಮನೆ ಉಂಟು.”